ಬೆಕ್ಕಿನ ಉಗುರು, ಮನೆಯ ಸೋಫಾ ಮತ್ತು ನಮ್ಮ ಹೊಣೆ

ಮೂಕಪ್ರಾಣಿಗಳಿಗೆ ದಯೆ ತೋರಬೇಕೆಂಬುದು ನಮಗೆಲ್ಲರಿಗೂ ತಿಳಿದ ವಿಷಯ. ಬಾಯಾರಿದ ನಾಯಿಗೆ ಬಾವಿಗಿಳಿದು ನೀರು ತಂದು ಕುಡಿಸಿದವನ ಕಥೆ ಮದ್ರಸದ ಪುಟ್ಟ ಮಗುವಿಗೂ ಗೊತ್ತು. ಬೀದಿಯಲ್ಲಿ ಬಿದ್ದಿರುವ ಪ್ರಾಣಿಯನ್ನು ಕಂಡಾಗ ಮರುಗುವುದು ಕಷ್ಟವಲ್ಲ. ಆದರೆ ಮನೆಯೊಳಗೆ ನಾವೇ ಸಾಕಿದ ಬೆಕ್ಕು, ಕಳೆದ ತಿಂಗಳಷ್ಟೇ ಕೊಂಡುತಂದ ಸೋಫಾದ ತೋಳನ್ನು ಉಗುರಿನಿಂದ ಎಳೆದೆಳೆದು ಹಿಂಜಿ ಹಾಕಿದಾಗ ಆ ದಯೆ ಎಲ್ಲಿರುತ್ತದೆ? ದಯೆಯ ನಿಜವಾದ ಪರೀಕ್ಷೆ ನಡೆಯುವುದು ನಮಗೆ ನಷ್ಟವಾದ ಸ್ಥಳದಲ್ಲಿ.

ಇದು ನಗೆಯಾಡುವ ವಿಷಯವಲ್ಲ. ಮಂಗಳೂರಿನ ಎಷ್ಟೋ ಮನೆಗಳಲ್ಲಿ ಮುಂದಿನ ಕೋಣೆಯ ಸೋಫಾ ಎಂದರೆ ಮನೆಯ ಯಜಮಾನ ದಮ್ಮಾಮ್‌ನಲ್ಲೋ ಜುಬೈಲ್‌ನಲ್ಲೋ ಬಿಸಿಲಿನಲ್ಲಿ ಬೆವರು ಸುರಿಸಿ ಕಳುಹಿಸಿದ ದುಡ್ಡು. ಅದು ಹಾಳಾದಾಗ ಸಿಟ್ಟು ಬರುವುದು ಸಹಜ. ಆ ಸಿಟ್ಟಿನ ಕೊನೆ ಹೆಚ್ಚಾಗಿ ಮೂರರಲ್ಲಿ ಒಂದು: ಬೆಕ್ಕಿಗೆ ಪೊರಕೆಯೇಟು, ಅದನ್ನು ದಿನವಿಡೀ ಕೋಣೆಯಲ್ಲಿ ಕೂಡಿಹಾಕುವುದು, ಅಥವಾ ಗೋಣಿಯಲ್ಲಿ ತುಂಬಿಸಿ ದೂರದಲ್ಲಿ ಬಿಟ್ಟುಬರುವುದು. ಈ ಮೂರೂ ಸೋಫಾವನ್ನು ಉಳಿಸುವ ಸರಿಯಾದ ದಾರಿಗಳಲ್ಲ. ಸೋಫಾವೂ ಉಳಿಯಬೇಕು, ಬೆಕ್ಕಿನ ಮೇಲೆ ಅನ್ಯಾಯವೂ ಆಗಬಾರದು. ಇದಕ್ಕೆ ದಾರಿಯಿದೆ. ಆ ದಾರಿಯನ್ನು ಈ ಪಾಠದಲ್ಲಿ ವಿವರವಾಗಿ ನೋಡೋಣ.

ಮನೆಯಲ್ಲಿ ಸುತ್ತಾಡುವ ಜೀವ

ಹ. ಅಬೂ ಕತಾದಾ(ರ)ರವರು ಒಮ್ಮೆ ತಮ್ಮ ಮಗನ ಮನೆಗೆ ಬಂದರು. ಸೊಸೆ ಕಬ್‌ಶಾ ಅವರಿಗೆ ವುಝೂವಿಗಾಗಿ ನೀರು ಇಟ್ಟರು. ಅಷ್ಟರಲ್ಲಿ ಬೆಕ್ಕೊಂದು ನೀರು ಕುಡಿಯಲು ಬಂತು. ಅಬೂ ಕತಾದಾ(ರ) ಅದನ್ನು ಓಡಿಸಲಿಲ್ಲ. ಅದು ಸುಲಭವಾಗಿ ಕುಡಿಯುವಂತೆ ಪಾತ್ರೆಯನ್ನೇ ವಾಲಿಸಿ ಹಿಡಿದರು. ಸೊಸೆ ಅಚ್ಚರಿಯಿಂದ ನೋಡುವುದನ್ನು ಕಂಡು, ಬೆಕ್ಕು ಅಶುದ್ಧವಲ್ಲವೆಂದೂ ಅದು ನಿಮ್ಮ ಬಳಿ ಸುತ್ತಾಡುತ್ತಿರುವವುಗಳಲ್ಲಿ ಸೇರಿದೆಯೆಂದೂ ಪ್ರವಾದಿವರ್ಯರು(ಸ) ಹೇಳಿರುವುದನ್ನು ತಿಳಿಸಿದರು. ಈ ವರದಿ ಅಬೂದಾವೂದ್, ತಿರ್ಮಿದಿ ಮೊದಲಾದ ಹದೀಸ್ ಗ್ರಂಥಗಳಲ್ಲಿದೆ.

ಇಲ್ಲಿ ‘ಸುತ್ತಾಡುವವರು’ ಎಂಬರ್ಥದ ಪದವನ್ನು ಗಮನಿಸಬೇಕು. ಪವಿತ್ರ ಕುರ್‌ಆನಿನ ಅನ್ನೂರ್ ಅಧ್ಯಾಯದ 58ನೇ ವಚನದಲ್ಲಿ ಮನೆಯೊಳಗೆ ಸದಾ ಓಡಾಡಿಕೊಂಡಿರುವ ಸೇವಕರ ಮತ್ತು ಮಕ್ಕಳ ಸಂದರ್ಭದಲ್ಲಿ ಇದೇ ಪದ ಬಂದಿದೆ. ಅಂದರೆ ಬೆಕ್ಕು ಹೊಸ್ತಿಲ ಹೊರಗಿನ ಪ್ರಾಣಿಯಲ್ಲ. ಮನೆಯೊಳಗೆ ಓಡಾಡುವವರ ಸಾಲಿನಲ್ಲಿ ಅದಕ್ಕೆ ಸ್ಥಾನ ಸಿಕ್ಕಿದೆ. ಮನೆಯೊಳಗೆ ಓಡಾಡುವವರಿಂದ ಏನಾದರೂ ಒಡೆಯುವುದು, ಹರಿಯುವುದು ಇದ್ದದ್ದೇ. ಮಗು ಗೋಡೆಯ ಮೇಲೆ ಗೀಚಿತೆಂದು ನಾವು ಮಗುವನ್ನು ಮನೆಯಿಂದ ಹೊರಗಟ್ಟುವುದಿಲ್ಲ. ಅದರ ಕೈಗೆ ಸ್ಲೇಟು ಕೊಡುತ್ತೇವೆ. ಬೆಕ್ಕಿನ ವಿಷಯದಲ್ಲೂ ಮಾಡಬೇಕಾದದ್ದು ಇದನ್ನೇ.

ನಮ್ಮಲ್ಲಿ ಬೆಕ್ಕಿನ ಕುರಿತು ಅನೇಕ ಕಥೆಗಳು ಪ್ರಚಾರದಲ್ಲಿವೆ. ತಮ್ಮ ಅಂಗಿಯ ತೋಳಿನ ಮೇಲೆ ಮಲಗಿದ್ದ ಬೆಕ್ಕನ್ನು ಎಬ್ಬಿಸಬಾರದೆಂದು ಪ್ರವಾದಿವರ್ಯರು(ಸ) ತೋಳನ್ನೇ ಕತ್ತರಿಸಿದರೆಂಬ ಕಥೆ ಅವುಗಳಲ್ಲೊಂದು. ಇದು ಪ್ರಮಾಣಬದ್ಧ ಹದೀಸ್ ಗ್ರಂಥಗಳಲ್ಲಿಲ್ಲ. ಸ್ಥಿರಪಟ್ಟ ವರದಿಗಳೇ ಧಾರಾಳವಾಗಿರುವಾಗ ಇಂತಹ ಕಥೆಗಳ ಅಗತ್ಯವೂ ನಮಗಿಲ್ಲ. ಅತಿ ಹೆಚ್ಚು ಹದೀಸ್‌ಗಳನ್ನು ವರದಿ ಮಾಡಿದ ಸಹಾಬಿ ‘ಅಬೂ ಹುರೈರಾ’(ರ) ಎಂಬ ಹೆಸರಿನಿಂದಲೇ ಪ್ರಸಿದ್ಧರಾದರು. ಆಡು ಮೇಯಿಸುತ್ತಿದ್ದ ದಿನಗಳಲ್ಲಿ ಅವರ ಜೊತೆ ಒಂದು ಪುಟ್ಟ ಬೆಕ್ಕಿನ ಮರಿ ಇರುತ್ತಿತ್ತು. ಆ ಹೆಸರಿನ ಅರ್ಥವೇ ಬೆಕ್ಕಿನ ಮರಿಯವರು ಎಂದು.

ಬೆಕ್ಕು ಏಕೆ ಕೆರೆಯುತ್ತದೆ?

ಬೆಕ್ಕು ಸೋಫಾವನ್ನು ಕೆರೆಯುವುದು ಹಟದಿಂದಲೂ ಅಲ್ಲ, ಸೇಡಿನಿಂದಲೂ ಅಲ್ಲ. ಅಲ್ಲಾಹನು ಅದನ್ನು ಸೃಷ್ಟಿಸಿದ ರೀತಿಯಲ್ಲೇ ಅದಕ್ಕೆ ಕಾರಣಗಳಿವೆ.

ಮೊದಲನೆಯದು, ಉಗುರಿನ ಆರೋಗ್ಯ. ಬೆಕ್ಕಿನ ಉಗುರು ಪದರ ಪದರವಾಗಿ ಬೆಳೆಯುತ್ತದೆ. ಹೊರಗಿನ ಪದರ ಹಳತಾದಾಗ ಅದನ್ನು ಕಳಚಿ ಹಾಕಬೇಕು. ಬೆಕ್ಕು ಕೆರೆಯುವ ಜಾಗದಲ್ಲಿ ಉಗುರಿನಾಕಾರದ ಪುಟ್ಟ ಚಿಪ್ಪುಗಳು ಬಿದ್ದಿರುವುದನ್ನು ನೀವು ಗುಡಿಸುವಾಗ ಕಂಡಿರಬಹುದು. ಅವು ಕಳಚಿ ಬಿದ್ದ ಹಳೆಯ ಪದರಗಳು.

ಎರಡನೆಯದು, ಗುರುತು ಹಾಕುವುದು. ಬೆಕ್ಕಿನ ಪಾದದ ಮೆತ್ತೆಗಳ ನಡುವೆ ಗಂಧಗ್ರಂಥಿಗಳಿವೆ. ಕೆರೆಯುವಾಗ ಆ ವಾಸನೆ ಅಲ್ಲಿ ಅಂಟಿಕೊಳ್ಳುತ್ತದೆ. ನಮ್ಮ ಮೂಗಿಗೆ ಅದು ತಿಳಿಯುವುದಿಲ್ಲ. ಆದರೆ ಬೆಕ್ಕಿಗೆ ಅದು ‘ಇದು ನನ್ನ ಮನೆ’ ಎಂಬ ಬರಹವಿದ್ದಂತೆ. ಕಣ್ಣಿಗೆ ಕಾಣುವ ಗೀರು ಬೇರೆ ಬೆಕ್ಕುಗಳಿಗೆ ಸೂಚನೆಯಾಗುತ್ತದೆ. ಆದ್ದರಿಂದಲೇ ಅದು ಮನೆಯ ಮೂಲೆಯನ್ನು ಬಿಟ್ಟು ಜನರು ಕುಳಿತೇಳುವ ಮುಂದಿನ ಕೋಣೆಯನ್ನೇ ಆರಿಸಿಕೊಳ್ಳುತ್ತದೆ. ಒಮ್ಮೆ ವಾಸನೆ ಹತ್ತಿದ ಜಾಗಕ್ಕೆ ಮತ್ತೆ ಮತ್ತೆ ಬರುತ್ತದೆ.

ಮೂರನೆಯದು, ಮೈಮುರಿಯುವುದು. ನಿದ್ದೆಯಿಂದೆದ್ದ ಬೆಕ್ಕು ಮುಂಗಾಲುಗಳನ್ನು ಎತ್ತರಕ್ಕೆ ಚಾಚಿ, ಉಗುರು ಊರಿ, ಬೆನ್ನು ಮತ್ತು ಭುಜದ ಸ್ನಾಯುಗಳನ್ನು ಎಳೆದುಕೊಳ್ಳುತ್ತದೆ. ಇದಕ್ಕೆ ಅಲುಗಾಡದ, ಎತ್ತರವಾದ, ಉಗುರು ಹಿಡಿಯುವಂತಹ ವಸ್ತು ಬೇಕು. ಭಾರವಾದ ಸೋಫಾದ ತೋಳು ಈ ಮೂರನ್ನೂ ಒದಗಿಸುತ್ತದೆ.

ನಾಲ್ಕನೆಯದು, ಉದ್ವೇಗ. ಮನೆಗೆ ನೆಂಟರು ತುಂಬಿದಾಗ, ಹೊಸ ಮಗು ಬಂದಾಗ, ಇನ್ನೊಂದು ಬೆಕ್ಕು ಕಿಟಕಿಯ ಬಳಿ ಸುಳಿದಾಗ, ಮನೆ ಬದಲಾಯಿಸಿದಾಗ ಕೆರೆಯುವುದು ಹೆಚ್ಚಾಗುತ್ತದೆ. ಮದುವೆಯ ಸಂಭ್ರಮದಲ್ಲಿ ಬೆಕ್ಕು ‘ಹುಚ್ಚುಕಟ್ಟಿದಂತೆ’ ಆಡಿತೆನ್ನುವವರು ಈ ಕಾರಣವನ್ನು ನೆನಪಿಡಬೇಕು.

ಅಂಗಳ ಹೋಯಿತು, ಅಭ್ಯಾಸ ಉಳಿಯಿತು

ಹಿಂದೆ ಈ ದೂರು ಇಷ್ಟು ಕೇಳಿಬರುತ್ತಿರಲಿಲ್ಲ. ಏಕೆ? ಹೆಂಚಿನ ಮನೆಗಳಲ್ಲಿ ಜಗಲಿಯಿತ್ತು, ಅಂಗಳವಿತ್ತು, ಹಿತ್ತಿಲಿನಲ್ಲಿ ತೆಂಗು, ಹಲಸು, ಮಾವಿನ ಮರಗಳಿದ್ದವು. ಬೆಕ್ಕು ಹಲಸಿನ ಬುಡದಲ್ಲಿ ಉಗುರು ಮಸೆದು, ಅಟ್ಟದಲ್ಲಿ ಇಲಿ ಹಿಡಿದು, ಮೀನು ಕೊಯ್ಯುವ ಹೊತ್ತಿಗೆ ಅಡುಗೆಮನೆಯ ಹಿಂಬಾಗಿಲಿಗೆ ಹಾಜರಾಗುತ್ತಿತ್ತು. ಬೂತಾಯಿಯ ತಲೆ ಅದರ ಪಾಲು. ಮಳೆಗಾಲದಲ್ಲಿ ಇಲಿಗಳು ಮನೆಯೊಳಗೆ ನುಗ್ಗುವಾಗ ಬೆಕ್ಕಿರುವ ಮನೆ ನೆಮ್ಮದಿಯಿಂದಿರುತ್ತಿತ್ತು.

ಈಗ ನಗರದ ಬಹಳಷ್ಟು ಕುಟುಂಬಗಳು ಫ್ಲ್ಯಾಟುಗಳಲ್ಲಿವೆ. ನೆಲಕ್ಕೆ ಟೈಲ್ಸ್, ಗೋಡೆಗೆ ಬಣ್ಣ, ಬಾಗಿಲಿಗೆ ಪಾಲಿಶ್. ಆ ಮನೆಯಲ್ಲಿ ಒರಟಾಗಿ ಉಗುರಿಗೆ ಸಿಗುವ ವಸ್ತುಗಳು ಕೆಲವೇ: ಬಟ್ಟೆಯ ಅಥವಾ ರೆಕ್ಸಿನ್ನಿನ ಸೋಫಾ, ಬೆತ್ತದ ಕುರ್ಚಿ, ಹಾಸಿಗೆ, ಪರದೆ, ಬಾಗಿಲಿನ ದಾರಂದ ಮತ್ತು ನಮಾಝಿನ ಮುಸಲ್ಲಾ. ನಾವು ಬೆಕ್ಕಿನ ಮರವನ್ನು ತೆಗೆದೆವು, ಬದಲಿಗೆ ಏನನ್ನೂ ಕೊಡಲಿಲ್ಲ. ಅದು ತನ್ನ ಮರವನ್ನು ತಾನೇ ಹುಡುಕಿಕೊಂಡಿತು. ಇದನ್ನು ಅರ್ಥಮಾಡಿಕೊಂಡರೆ ಅರ್ಧ ಸಿಟ್ಟು ಇಳಿಯುತ್ತದೆ, ಪರಿಹಾರದ ದಾರಿಯೂ ಕಾಣುತ್ತದೆ.

ಹೊಡೆತ ಏಕೆ ಫಲಿಸುವುದಿಲ್ಲ?

ಹೊರಗೆ ಹೋಗಿ ಬಂದು ಹರಿದ ಸೋಫಾವನ್ನು ಕಂಡು ಬೆಕ್ಕನ್ನು ಹಿಡಿದು ಬಡಿದರೆ ಅದಕ್ಕೆ ಅರ್ಥವಾಗುವುದೇನು? ಒಂದು ಗಂಟೆಯ ಹಿಂದೆ ಮಾಡಿದ ಕೆಲಸವನ್ನು ಈ ಏಟಿಗೆ ಜೋಡಿಸುವ ಶಕ್ತಿ ಅದಕ್ಕಿಲ್ಲ. ‘ಈ ಮನುಷ್ಯ ಬಾಗಿಲು ತೆರೆದು ಬಂದರೆ ಅಪಾಯ’ ಎಂಬುದಷ್ಟೇ ಅದರ ಮನಸ್ಸಿನಲ್ಲಿ ಉಳಿಯುತ್ತದೆ. ಕೆರೆಯುತ್ತಿರುವಾಗಲೇ ಹೊಡೆದರೂ, ನೀವು ಎದುರಿಗಿಲ್ಲದ ಹೊತ್ತಿನಲ್ಲಿ ಅದು ಕೆರೆಯುತ್ತದೆ. ಹೆದರಿದ ಬೆಕ್ಕು ತನ್ನ ಜಾಗವೆಂದು ಖಚಿತಪಡಿಸಿಕೊಳ್ಳಲು ಇನ್ನಷ್ಟು ಗುರುತು ಹಾಕುತ್ತದೆ. ಹೀಗೆ ಹೊಡೆತವು ರೋಗವನ್ನು ಗುಣಪಡಿಸುವ ಬದಲು ಹೆಚ್ಚಿಸುತ್ತದೆ.

ಹ. ಆಯಿಶಾ(ರ) ಒಮ್ಮೆ ಪಳಗದ ಒಂಟೆಯ ಮೇಲೆ ಸವಾರಿ ಮಾಡುತ್ತಾ ಅದನ್ನು ಬಲವಂತದಿಂದ ಅತ್ತಿತ್ತ ಓಡಿಸತೊಡಗಿದರು. ಆಗ ಪ್ರವಾದಿವರ್ಯರು(ಸ) ಅವರಿಗೆ ಮೃದುತ್ವವನ್ನು ಬೋಧಿಸಿದರು. ಮೃದುತ್ವವು ಯಾವುದರಲ್ಲಿದ್ದರೂ ಅದನ್ನು ಚೆಲುವಾಗಿಸುತ್ತದೆ, ಯಾವುದರಿಂದ ತೆಗೆಯಲ್ಪಟ್ಟರೂ ಅದನ್ನು ಕೆಡಿಸುತ್ತದೆ ಎಂಬ ಆಶಯದ ಈ ಮಾತು ಸಹೀಹ್ ಮುಸ್ಲಿಮ್‌ನಲ್ಲಿದೆ. ಇದು ಹೇಳಲ್ಪಟ್ಟ ಸಂದರ್ಭವನ್ನು ಗಮನಿಸಿರಿ. ಮಾತು ಕೇಳದ ಒಂದು ಪ್ರಾಣಿಯನ್ನು ಪಳಗಿಸುವ ಸಂದರ್ಭವದು. ಪ್ರಾಣಿಯ ಮುಖಕ್ಕೆ ಹೊಡೆಯುವುದನ್ನಂತೂ ಪ್ರವಾದಿವರ್ಯರು(ಸ) ಸ್ಪಷ್ಟವಾಗಿ ತಡೆದಿದ್ದಾರೆ. ಬೆಕ್ಕಿನ ಮೂತಿಗೆ ಬೆರಳಿನಿಂದ ಬಡಿಯುವ ಅಭ್ಯಾಸವಿರುವವರು ಇದನ್ನು ತಿಳಿದಿರಬೇಕು.

ಸೋಫಾಕ್ಕೆ ಮೆಣಸಿನ ಪುಡಿ ಎರಚುವುದು, ಫಿನಾಯಿಲ್ ಹಚ್ಚುವುದು, ನುಸಿಗುಳಿಗೆ ಇಡುವುದು ಕೂಡ ಕೂಡದು. ಬೆಕ್ಕು ಪಾದವನ್ನು ನೆಕ್ಕಿ ಶುಚಿಗೊಳಿಸುವ ಪ್ರಾಣಿ. ಪಾದಕ್ಕೆ ಅಂಟಿದ್ದೆಲ್ಲವೂ ಅದರ ಹೊಟ್ಟೆ ಸೇರುತ್ತದೆ. ಫಿನಾಯಿಲ್ ಮತ್ತು ನುಸಿಗುಳಿಗೆ ಬೆಕ್ಕಿಗೆ ವಿಷ.

ಕೆರೆಯಲು ಒಂದು ಕಂಬ

ಹಾಗಾದರೆ ಮಾಡಬೇಕಾದದ್ದೇನು? ಬೆಕ್ಕಿಗೆ ಅದರದ್ದೇ ಆದ ‘ಮರ’ವನ್ನು ಕೊಡಬೇಕು. ಅಂಗಡಿಗಳಲ್ಲಿ ಇದಕ್ಕೆಂದೇ ಕಂಬಗಳು ಸಿಗುತ್ತವೆ. ಆದರೆ ಕರಾವಳಿಯವರಾದ ನಮಗೆ ಅದಕ್ಕೆ ದೊಡ್ಡ ಖರ್ಚು ಬೇಕಿಲ್ಲ. ತೆಂಗಿನ ನಾರಿನ ಹಗ್ಗ ಇದಕ್ಕೆ ಅತ್ಯುತ್ತಮ ವಸ್ತು. ಮನೆಯಲ್ಲೇ ಮಾಡುವ ವಿಧಾನ ಹೀಗಿದೆ:

1. ಸುಮಾರು 10 ಸೆಂಟಿಮೀಟರ್ ದಪ್ಪದ, ಕನಿಷ್ಠ 80 ಸೆಂಟಿಮೀಟರ್ ಎತ್ತರದ ಮರದ ತುಂಡೊಂದನ್ನು ತೆಗೆದುಕೊಳ್ಳಿರಿ. ಬೆಕ್ಕು ಹಿಂಗಾಲಿನ ಮೇಲೆ ನಿಂತು ಪೂರ್ತಿ ಮೈಚಾಚಲು ಇಷ್ಟು ಎತ್ತರ ಬೇಕು. ಗಿಡ್ಡ ಕಂಬವನ್ನು ಅದು ಮೂಸಿ ನೋಡಿ ಬಿಟ್ಟುಬಿಡುತ್ತದೆ.

2. ಒಂದೂವರೆ ಅಡಿ ಚೌಕದ ದಪ್ಪ ಹಲಗೆಗೆ ಕಂಬವನ್ನು ಕೆಳಗಿನಿಂದ ಸ್ಕ್ರೂ ಹಾಕಿ ಬಿಗಿಯಿರಿ. ಕಂಬ ಒಮ್ಮೆ ಅಲುಗಾಡಿದರೆ ಅಥವಾ ಮೇಲೆ ಬಿದ್ದರೆ ಬೆಕ್ಕು ಮತ್ತೆ ಅದರ ಹತ್ತಿರ ಬರುವುದಿಲ್ಲ. ಬೇಕಿದ್ದರೆ ಹಲಗೆಯ ಮೇಲೆ ಭಾರವಿಡಿರಿ, ಅಥವಾ ಕಂಬವನ್ನು ಗೋಡೆಗೆ ಬಿಗಿಯಿರಿ.

3. ಒಂದು ಸೆಂಟಿಮೀಟರ್ ದಪ್ಪದ ನಾರಿನ ಹಗ್ಗವನ್ನು ಬುಡದಿಂದ ತುದಿಯವರೆಗೆ, ಸುತ್ತುಗಳ ನಡುವೆ ಎಡೆಯಿಲ್ಲದಂತೆ ಬಿಗಿಯಾಗಿ ಸುತ್ತಿರಿ. ಮೇಲಿನ ಅಳತೆಯ ಕಂಬಕ್ಕೆ 80 ಸುತ್ತು, ಅಂದರೆ ಸುಮಾರು 28 ಮೀಟರ್ ಹಗ್ಗ ಬೇಕಾಗುತ್ತದೆ. ನಡುನಡುವೆ ಮರದ ಅಂಟು ಹಚ್ಚಿರಿ. ಮೊಳೆ ಹೊಡೆದರೆ ಅದರ ತಲೆ ಎಲ್ಲಿಯೂ ಹೊರಗೆ ಕಾಣಬಾರದು.

4. ಇಷ್ಟೂ ಆಗದಿದ್ದರೆ ತೊಗಟೆಯಿರುವ ಒಂದು ಗಟ್ಟಿ ಮರದ ದಿಮ್ಮಿ ಸಾಕು. ಇಲ್ಲವೇ ನಾರಿನ ಕಾಲೊರಸನ್ನು ಹಲಗೆಗೆ ಬಿಗಿದು ಗೋಡೆಗೆ ಹೊಡೆಯಬಹುದು. ಕೆಲವು ಬೆಕ್ಕುಗಳು ನಿಂತು ಕೆರೆಯುತ್ತವೆ, ಕೆಲವು ನೆಲದಲ್ಲಿ ಕೆರೆಯುತ್ತವೆ. ನಿಮ್ಮ ಬೆಕ್ಕು ಸೋಫಾವನ್ನು ಕೆಡಿಸುತ್ತದೆಯೋ ನೆಲದ ಚಾಪೆಯನ್ನೋ ಎಂಬುದನ್ನು ನೋಡಿ ಅದಕ್ಕೆ ತಕ್ಕಂತೆ ನಿಲ್ಲಿಸಿರಿ ಅಥವಾ ಮಲಗಿಸಿರಿ.

5. ಹಳೆಯ ಸೋಫಾದ ಬಟ್ಟೆಯನ್ನೋ ಜಮಖಾನದ ತುಂಡನ್ನೋ ಕಂಬಕ್ಕೆ ಸುತ್ತಬಾರದು. ಒಂದು ಜಮಖಾನವನ್ನು ಕೆರೆಯಬಹುದು, ಇನ್ನೊಂದನ್ನು ಕೆರೆಯಬಾರದು ಎಂಬ ವ್ಯತ್ಯಾಸ ಬೆಕ್ಕಿಗೆ ತಿಳಿಯದು.

ಕಂಬ ಮಾಡುವುದಕ್ಕಿಂತಲೂ ಅದನ್ನಿಡುವ ಜಾಗ ಮುಖ್ಯ. ಹೆಚ್ಚಿನವರು ಸೋಲುವುದು ಇಲ್ಲಿಯೇ. ಕಂಬ ನೋಡಲು ಚೆಂದವಿಲ್ಲವೆಂದು ಅದನ್ನು ಬಟ್ಟೆ ಒಗೆಯುವಲ್ಲಿಯೋ ಸ್ಟೋರ್ ರೂಮಿನಲ್ಲಿಯೋ ಇಡುತ್ತಾರೆ. ಬೆಕ್ಕು ಗುರುತು ಹಾಕಬಯಸುವುದು ಜನರಿರುವ ಜಾಗದಲ್ಲಿ. ಆದ್ದರಿಂದ ಅದು ಕೆರೆಯುತ್ತಿರುವ ಸೋಫಾದ ಮೂಲೆಗೆ ತಾಗಿಯೇ ಕಂಬವನ್ನು ನಿಲ್ಲಿಸಬೇಕು. ಅಭ್ಯಾಸ ಗಟ್ಟಿಯಾದ ಮೇಲೆ, ದಿನಕ್ಕೆ ನಾಲ್ಕು ಬೆರಳಿನಷ್ಟು ಸರಿಸುತ್ತಾ ನಿಮಗೆ ಅನುಕೂಲವಾದ ಕಡೆಗೆ ಒಯ್ಯಬಹುದು. ಬೆಕ್ಕು ಮಲಗುವ ಜಾಗದ ಬಳಿ ಇನ್ನೊಂದಿದ್ದರೆ ಬಹಳ ಒಳ್ಳೆಯದು, ಏಕೆಂದರೆ ಎದ್ದ ಕೂಡಲೇ ಅದಕ್ಕೆ ಮೈಮುರಿಯಬೇಕು. ಎರಡು ಬೆಕ್ಕುಗಳಿದ್ದರೆ ಕಂಬಗಳೂ ಎರಡಿರಲಿ.

ಕಂಬವನ್ನು ಪರಿಚಯಿಸುವುದು ಹೇಗೆ? ಅದರ ಬಳಿ ದಾರವನ್ನಾಡಿಸಿ ಆಟವಾಡಿಸಿರಿ. ಆಟದಲ್ಲಿ ಉಗುರು ತಾನಾಗಿಯೇ ಹಗ್ಗಕ್ಕೆ ತಾಗುತ್ತದೆ. ತಾಗಿದ ಆ ಕ್ಷಣದಲ್ಲೇ ಮುಳ್ಳಿಲ್ಲದ ಬೇಯಿಸಿದ ಮೀನಿನ ಚೂರೊಂದನ್ನು ಕೊಟ್ಟು ತಲೆ ಸವರಿರಿ. ಸ್ವಲ್ಪ ತಡವಾದರೂ ಬಹುಮಾನ ಯಾವುದಕ್ಕೆ ಎಂದು ಅದಕ್ಕೆ ತಿಳಿಯುವುದಿಲ್ಲ. ಅದರ ಕಾಲನ್ನು ಹಿಡಿದು ಬಲವಂತವಾಗಿ ಕಂಬಕ್ಕೆ ಉಜ್ಜಬಾರದು. ಬೆಕ್ಕಿಗೆ ಒತ್ತಾಯ ಸೇರುವುದಿಲ್ಲ. ನಮ್ಮ ಹಿತ್ತಿಲುಗಳಲ್ಲಿ ಮಳೆಗಾಲದಲ್ಲಿ ಹುಟ್ಟುವ ಕುಪ್ಪಿಗಿಡದ ಬೇರಿಗೆ ಬೆಕ್ಕುಗಳನ್ನು ಸೆಳೆಯುವ ಗುಣವಿದೆ. ಗಿಡವನ್ನು ಚೆನ್ನಾಗಿ ಬಲ್ಲವರಿಂದ ಗುರುತಿಸಿಕೊಂಡು, ಹಸಿ ಬೇರನ್ನು ಹಗ್ಗದ ಮೇಲೆ ಸ್ವಲ್ಪ ಉಜ್ಜಬಹುದು. ತಿನ್ನಿಸುವುದು ಬೇಡ.

ಮಳೆಗಾಲದ ತೇವಕ್ಕೆ ನಾರಿನ ಹಗ್ಗ ಬೂಷ್ಟು ಹಿಡಿಯುತ್ತದೆ. ಬಿಸಿಲು ಕಂಡ ದಿನ ಕಂಬವನ್ನು ಹೊರಗಿಟ್ಟು ಒಣಗಿಸಿರಿ. ಹಗ್ಗ ಹಿಂಜಿ ಹೋಗಿದೆಯೆಂದು ಕೂಡಲೇ ಬದಲಾಯಿಸಬೇಡಿರಿ. ಹಿಂಜಿದಷ್ಟೂ ಅದು ಬೆಕ್ಕಿಗೆ ಪ್ರಿಯ, ಅದರ ವಾಸನೆಯೂ ಅದರಲ್ಲೇ ಇದೆ.

ಸೋಫಾದ ರಕ್ಷಣೆ

ಬೆಕ್ಕಿಗೆ ಹೊಸ ಜಾಗ ಕೊಡುವುದರ ಜೊತೆಗೆ ಹಳೆಯ ಜಾಗವನ್ನು ಅದಕ್ಕೆ ರುಚಿಸದಂತೆ ಮಾಡಬೇಕು. ಎರಡೂ ಒಟ್ಟಿಗೆ ನಡೆದರೆ ಮಾತ್ರ ಫಲ. ಕೆರೆದ ಜಾಗವನ್ನು ಸಾಬೂನು ನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯಿಂದ ಒರೆಸಿ ಒಣಗಿಸಿದರೆ ವಾಸನೆಯ ಗುರುತು ಕಡಿಮೆಯಾಗುತ್ತದೆ. ಅನಂತರ ಅಲ್ಲಿ ನುಣುಪಾದ ದಪ್ಪ ಪ್ಲಾಸ್ಟಿಕ್ ಹಾಳೆಯನ್ನು ಬಿಗಿಯಿರಿ. ಉಗುರು ಜಾರಿದರೆ ಬೆಕ್ಕಿಗೆ ಅಲ್ಲಿ ಆಸಕ್ತಿ ಉಳಿಯದು. ಎರಡೂ ಬದಿ ಅಂಟುವ ಟೇಪನ್ನೂ ಹಚ್ಚಬಹುದು. ಪಾದಕ್ಕೆ ಅಂಟುವುದು ಬೆಕ್ಕಿಗೆ ಆಗಿಬರುವುದಿಲ್ಲ. ಆದರೆ ಟೇಪು ತೆಗೆಯುವಾಗ ರೆಕ್ಸಿನ್ ಅಥವಾ ಪಾಲಿಶ್ ಎದ್ದುಬರುವುದುಂಟು. ಕಣ್ಣಿಗೆ ಬೀಳದ ಮೂಲೆಯಲ್ಲಿ ಮೊದಲು ಪರೀಕ್ಷಿಸಿರಿ. ಬೆತ್ತದ ಕುರ್ಚಿಗಳಿಗೆ ಕೆಲವು ವಾರಗಳ ಮಟ್ಟಿಗೆ ಹಳೆಯ ಬೆಡ್‌ಶೀಟನ್ನು ಬಿಗಿಯಾಗಿ ಸುತ್ತಿಡಬಹುದು. ನಮಾಝ್ ಮುಗಿದ ಮೇಲೆ ಮುಸಲ್ಲಾವನ್ನು ಮಡಚಿ ಕಪಾಟಿನಲ್ಲಿಡುವ ಅಭ್ಯಾಸವಿದ್ದರೆ ಅದರ ರಕ್ಷಣೆಗೆ ಬೇರೇನೂ ಬೇಡ.

ಬೆಕ್ಕು ಸೋಫಾದ ಬಳಿ ಉಗುರೆತ್ತಿದ್ದನ್ನು ಕಂಡರೆ ಕಿರುಚಬೇಡಿರಿ. ಚಪ್ಪಾಳೆಯೊಂದು ಸಾಕು, ಅದು ತಿರುಗಿ ನೋಡಿದಾಗ ಕಂಬದ ಕಡೆಗೆ ಸೆಳೆಯಿರಿ. ಹೊಸ ಅಭ್ಯಾಸ ನೆಲೆಗೊಳ್ಳಲು ಕೆಲವು ವಾರಗಳು ಬೇಕು. ಮನೆಯವರೆಲ್ಲರೂ ಒಂದೇ ರೀತಿ ನಡೆದುಕೊಳ್ಳಬೇಕು. ಉಮ್ಮ ತಾಳ್ಮೆಯಿಂದ ಕಲಿಸಿದ್ದನ್ನು ಮಗನ ಒಂದು ಚಪ್ಪಲಿಯೇಟು ಕೆಡಿಸಬಾರದು. ಬೆಕ್ಕಿನ ಕಂಬವನ್ನು ನೋಡಿಕೊಳ್ಳುವ ಕೆಲಸವನ್ನು ಮಕ್ಕಳಿಗೇ ವಹಿಸಿರಿ. ಮೂಕಪ್ರಾಣಿಯ ಹಕ್ಕನ್ನು ಅವರು ಪುಸ್ತಕದಿಂದ ಕಲಿಯುವುದಕ್ಕಿಂತ ಚೆನ್ನಾಗಿ ಅದರಿಂದ ಕಲಿಯುತ್ತಾರೆ.

ಉಗುರು ಕತ್ತರಿಸುವುದು ಬೇರೆ, ಕೀಳಿಸುವುದು ಬೇರೆ

ಬೆಕ್ಕಿಗೆ ಮುಂಗಾಲುಗಳಲ್ಲಿ ಐದೈದು, ಹಿಂಗಾಲುಗಳಲ್ಲಿ ನಾಲ್ಕು ನಾಲ್ಕು, ಒಟ್ಟು 18 ಉಗುರುಗಳಿರುತ್ತವೆ. ಮನೆಯೊಳಗೇ ಇರುವ ಬೆಕ್ಕಿನ ಮುಂಗಾಲಿನ ಉಗುರುಗಳ ತುದಿಯನ್ನು ಎರಡು ಮೂರು ವಾರಗಳಿಗೊಮ್ಮೆ ಕತ್ತರಿಸಿದರೆ ಹಾನಿ ಬಹಳ ಕಡಿಮೆಯಾಗುತ್ತದೆ. ಬೆಕ್ಕು ನಿದ್ದೆಗಣ್ಣಿನಲ್ಲಿರುವಾಗ ಮೆತ್ತೆಯನ್ನು ಮೆಲ್ಲಗೆ ಒತ್ತಿದರೆ ಉಗುರು ಹೊರಬರುತ್ತದೆ. ಒಳಗಿರುವ ಗುಲಾಬಿ ಬಣ್ಣದ ಭಾಗ ಜೀವವಿರುವ ಭಾಗ. ಅಲ್ಲಿ ನರ ಮತ್ತು ರಕ್ತನಾಳಗಳಿವೆ. ಅದನ್ನು ಮುಟ್ಟದೆ ಬಿಳಿಯ ಚೂಪು ತುದಿಯನ್ನಷ್ಟೇ ತೆಗೆಯಬೇಕು. ಒಂದು ದಿನಕ್ಕೆ ಎರಡು ಉಗುರು ಕತ್ತರಿಸಿದರೂ ಸಾಕು. ಧೈರ್ಯವಿಲ್ಲದವರು ಒಮ್ಮೆ ಪಶುವೈದ್ಯರಲ್ಲಿ ಕೇಳಿ ನೋಡಿ ಕಲಿಯಲಿ. ಹೊರಗೆ ಓಡಾಡುವ ಬೆಕ್ಕಿನ ಉಗುರನ್ನು ಮಾತ್ರ ಕತ್ತರಿಸಬೇಡಿರಿ. ನಾಯಿ ಬೆನ್ನಟ್ಟಿದರೆ ಮರ ಹತ್ತಲು ಅದಕ್ಕಿರುವ ಆಸರೆ ಅದೊಂದೇ.

ಆದರೆ ಉಗುರನ್ನೇ ಶಾಶ್ವತವಾಗಿ ತೆಗೆಸುವ ಶಸ್ತ್ರಕ್ರಿಯೆ ಇನ್ನೊಂದು ವಿಷಯ. ಹೆಸರು ಕೇಳಿದರೆ ಉಗುರು ತೆಗೆದಂತೆ ತೋರುತ್ತದೆ. ನಿಜವಾಗಿ ಅದು ಪ್ರತಿಯೊಂದು ಬೆರಳಿನ ಕೊನೆಯ ಮೂಳೆಯನ್ನೇ ಕತ್ತರಿಸಿ ತೆಗೆಯುವುದು. ನಮ್ಮ ಬೆರಳುಗಳನ್ನು ಕೊನೆಯ ಗೆಣ್ಣಿನಲ್ಲಿ ತುಂಡರಿಸಿದಂತೆ! ಬ್ರಿಟನ್ ಮತ್ತು ಯೂರೋಪಿನ ಅನೇಕ ದೇಶಗಳಲ್ಲಿ ಚಿಕಿತ್ಸೆಯ ಅಗತ್ಯವಿಲ್ಲದೆ ಇದನ್ನು ಮಾಡುವುದು ಕಾನೂನುಬಾಹಿರ. ಅಮೇರಿಕದಲ್ಲಿ ಇದು ದೀರ್ಘಕಾಲ ಸಾಮಾನ್ಯವಾಗಿತ್ತು. 2019ರಲ್ಲಿ ನ್ಯೂಯಾರ್ಕ್ ರಾಜ್ಯ ಅದನ್ನು ನಿಷೇಧಿಸಿದ ಮೊದಲ ರಾಜ್ಯವಾಯಿತು. ಪ್ರಾಣಿಯ ಅಂಗವನ್ನು ಊನಗೊಳಿಸುವವನನ್ನು ಪ್ರವಾದಿವರ್ಯರು(ಸ) ಶಪಿಸಿರುವುದಾಗಿ ಇಬ್ನು ಉಮರ್(ರ) ವರದಿ ಮಾಡಿದ್ದಾರೆ. ಇದು ಸಹೀಹ್ ಬುಖಾರಿಯಲ್ಲಿದೆ. ಒಂದು ಆಸನದ ಬಟ್ಟೆಗಾಗಿ ಜೀವವೊಂದರ ಬೆರಳುಗಳನ್ನು ಕತ್ತರಿಸುವುದನ್ನು ಸತ್ಯವಿಶ್ವಾಸಿಯ ಮನಸ್ಸು ಒಪ್ಪಲಾರದು.

‘ದೂರ ಬಿಟ್ಟುಬಂದೆವು’

ಮದ್ರಸದಲ್ಲಿ ಒಬ್ಬ ಹುಡುಗ ಒಮ್ಮೆ ಎದ್ದು ನಿಂತು ಕೇಳಿದ: ‘ಉಸ್ತಾದರೇ, ನಮ್ಮ ಬೆಕ್ಕು ಸೋಫಾ ಹರಿಯಿತೆಂದು ಬಾಪ ಅದನ್ನು ಬಂದರಿನ ಹತ್ತಿರ ಬಿಟ್ಟುಬಂದರು. ಅಲ್ಲಿ ಮೀನು ಸಿಗುತ್ತದಂತೆ. ನಾವು ಅದನ್ನು ಕಟ್ಟಿಹಾಕಲಿಲ್ಲವಲ್ಲ, ನಮಗೆ ಗುನಾಹ್ ಇಲ್ಲ ಅಲ್ಲವೇ?’

ಹುಡುಗನ ಮನಸ್ಸಿನಲ್ಲಿದ್ದದ್ದು ಬುಖಾರಿ ಮತ್ತು ಮುಸ್ಲಿಮ್‌ನಲ್ಲಿರುವ ಪ್ರಸಿದ್ಧ ಹದೀಸ್. ಬೆಕ್ಕನ್ನು ಕಟ್ಟಿಹಾಕಿ ಕೊಂದ ಸ್ತ್ರೀಯೊಬ್ಬಳು ಆ ಕಾರಣದಿಂದ ನರಕ ಸೇರಿದಳು. ಆಕೆ ಅದಕ್ಕೆ ಆಹಾರ ಕೊಡಲೂ ಇಲ್ಲ, ನೆಲದ ಹುಳು ಹುಪ್ಪಟೆಗಳನ್ನಾದರೂ ತಿಂದು ಬದುಕಲು ಬಿಡಲೂ ಇಲ್ಲ. ಇಲ್ಲಿ ಆಕೆಯ ಮುಂದಿದ್ದದ್ದು ಎರಡು ದಾರಿ: ಉಣಿಸುವುದು, ಅಥವಾ ಬದುಕಬಲ್ಲ ಬೆಕ್ಕಿಗೆ ಸ್ವಾತಂತ್ರ್ಯ ಕೊಡುವುದು. ಈಗ ಯೋಚಿಸಿರಿ. ಮರಿಯಾಗಿದ್ದಾಗಿನಿಂದ ಫ್ಲ್ಯಾಟಿನಲ್ಲಿ ತಟ್ಟೆಯಲ್ಲಿಟ್ಟ ಅನ್ನ ತಿಂದು ಬೆಳೆದ ಬೆಕ್ಕಿಗೆ ಬೇಟೆ ಗೊತ್ತಿದೆಯೇ? ಬಂದರಿನಲ್ಲಿ ಆಗಲೇ ಇರುವ ಬೆಕ್ಕುಗಳು ಅದನ್ನು ತಮ್ಮ ಎಲ್ಲೆಯೊಳಗೆ ಸೇರಿಸುತ್ತವೆಯೇ? ನಾಯಿಗಳು, ಲಾರಿಗಳು, ಆಷಾಢದ ಜಡಿಮಳೆ? ಹಗ್ಗವಿಲ್ಲದಿದ್ದರೂ ಅದು ಹಸಿವಿಗೆ ಕಟ್ಟಿಹಾಕಿದಂತೆಯೇ. ದೂರ ಬಿಡುವುದರಿಂದ ನಮ್ಮ ಕಣ್ಣಿಗೆ ಅದರ ಕಷ್ಟ ಕಾಣುವುದಿಲ್ಲ, ಅಷ್ಟೇ. ಅಲ್ಲಾಹನಿಗೆ ಕಾಣದೆ ಇರುತ್ತದೆಯೇ?

ಆ ಹುಡುಗನಿಗೆ ‘ನಿನ್ನ ಬಾಪ ತಪ್ಪು ಮಾಡಿದರು’ ಎಂದು ತರಗತಿಯಲ್ಲಿ ಹೇಳುವುದು ಸರಿಯಲ್ಲ. ‘ಬಾಪನೊಡನೆ ಒಮ್ಮೆ ಹೋಗಿ ನೋಡಿ, ಸಿಕ್ಕಿದರೆ ಕರೆತನ್ನಿರಿ, ಸೋಫಾಕ್ಕೆ ಬೇರೆ ಉಪಾಯವಿದೆ ಎಂದು ಹೇಳು’ ಎಂಬುದೇ ಅವನಿಗೆ ಕೊಡಬಹುದಾದ ಉತ್ತರ.

ದೇಶದ ಕಾನೂನು ಕೂಡ ಈ ಬಗ್ಗೆ ಮೌನವಾಗಿಲ್ಲ. 1960ರ ಪ್ರಾಣಿಹಿಂಸೆ ತಡೆ ಕಾಯಿದೆಯ 11ನೇ ಕಲಮಿನ ಪ್ರಕಾರ, ಹಸಿವು ಬಾಯಾರಿಕೆಯಿಂದ ನರಳುವಂತಹ ಪರಿಸ್ಥಿತಿಯಲ್ಲಿ ಸಮಂಜಸ ಕಾರಣವಿಲ್ಲದೆ ಪ್ರಾಣಿಯನ್ನು ತೊರೆಯುವುದು ಅಪರಾಧ. ಮೊದಲ ತಪ್ಪಿಗೆ ಅದು ವಿಧಿಸುವ ದಂಡ 10ರಿಂದ 50 ರೂಪಾಯಿ ಮಾತ್ರ. ಆ ನ್ಯಾಯಾಲಯದಲ್ಲಿ 50 ರೂಪಾಯಿಗೆ ತೀರುವ ಲೆಕ್ಕ ಪರಲೋಕದ ನ್ಯಾಯಾಲಯದಲ್ಲಿ ಅಷ್ಟಕ್ಕೇ ತೀರುವುದೆಂದು ಯಾರೂ ಭಾವಿಸದಿರಲಿ.

ನಿಜವಾಗಿಯೂ ಸಾಕಲಾಗದ ಪರಿಸ್ಥಿತಿ ಬರಬಹುದು. ಮನೆಯಲ್ಲಿ ಉಬ್ಬಸದ ರೋಗಿಯಿರಬಹುದು, ಕುಟುಂಬ ವಿದೇಶಕ್ಕೆ ಹೋಗುತ್ತಿರಬಹುದು. ಆಗ ಮನಸಾರೆ ಸಾಕುವವರನ್ನು ಹುಡುಕಿ ಒಪ್ಪಿಸಬೇಕು. ಒಪ್ಪಿಸುವಾಗ ಅದಕ್ಕೆ ಕೆರೆಯುವ ಅಭ್ಯಾಸವಿದೆಯೆಂಬುದನ್ನು ಮುಚ್ಚಿಡಬಾರದು. ವಸ್ತುವಿನ ದೋಷವನ್ನು ಮುಚ್ಚಿಟ್ಟು ಮಾರುವುದೇ ವಂಚನೆಯಾದರೆ, ಜೀವವನ್ನು ಒಪ್ಪಿಸುವಾಗ ಮುಚ್ಚಿಡುವುದು ಹೇಗೆ ಸರಿ? ಅದು ಅಭ್ಯಾಸ ಮಾಡಿಕೊಂಡ ಕಂಬವನ್ನೂ ಜೊತೆಯಲ್ಲೇ ಕೊಡಿರಿ. ತನ್ನ ವಾಸನೆಯಿರುವ ಒಂದು ವಸ್ತು ಹೊಸ ಮನೆಯಲ್ಲಿ ಅದಕ್ಕೆ ಧೈರ್ಯ ಕೊಡುತ್ತದೆ.

ನೆರೆಮನೆಯ ಹಕ್ಕು, ನಮಾಝಿನ ಶುದ್ಧಿ

ಬೆಕ್ಕಿನ ಮೇಲಿನ ಪ್ರೀತಿ ನೆರೆಯವರ ಹಕ್ಕನ್ನು ಮರೆಸಬಾರದು. ಇಮಾಮ್ ನವವಿಯವರ ‘ಮಿನ್‌ಹಾಜ್’ ಗ್ರಂಥದಲ್ಲಿ ಒಂದು ಸ್ವಾರಸ್ಯದ ಮಸ್‌ಅಲಃ ಇದೆ. ಬೆಕ್ಕೊಂದು ಬೇರೆಯವರ ಹಕ್ಕಿಯನ್ನೋ ಆಹಾರವನ್ನೋ ಹಾಳುಮಾಡಿದರೆ, ಅದಕ್ಕೆ ಅಂತಹ ಚಾಳಿಯಿದೆಯೆಂಬುದು ಮೊದಲೇ ತಿಳಿದಿದ್ದಲ್ಲಿ, ನಷ್ಟವನ್ನು ಅದರ ಒಡೆಯ ತುಂಬಬೇಕು ಎಂಬುದು ಹೆಚ್ಚು ಸರಿಯಾದ ಅಭಿಪ್ರಾಯವೆಂದು ಅವರು ದಾಖಲಿಸಿದ್ದಾರೆ. ಚಾಳಿ ತಿಳಿದಿರಲಿಲ್ಲವಾದರೆ ಹೊಣೆಯಿಲ್ಲ. ಇದರಿಂದ ನಮಗೆ ಸಿಗುವ ಪಾಠ ಸ್ಪಷ್ಟ: ನಿಮ್ಮ ಬೆಕ್ಕು ಪಕ್ಕದ ಮನೆಯ ಕುರ್ಚಿಯನ್ನು ಕೆರೆಯುವುದು ಗೊತ್ತಿದ್ದೂ ‘ಪ್ರಾಣಿಯಲ್ಲವೇ’ ಎಂದು ನಕ್ಕು ಸುಮ್ಮನಿರುವಂತಿಲ್ಲ. ಬಾಡಿಗೆ ಮನೆಯ ಬಾಗಿಲು, ಕಪಾಟುಗಳ ವಿಷಯವೂ ಹೀಗೆಯೇ. ಅವು ನಮ್ಮ ಕೈಯಲ್ಲಿರುವ ಅಮಾನತು.

ಬೆಕ್ಕು ಮುಸಲ್ಲಾವನ್ನು ಕೆರೆದರೆ, ಅದರ ಮೇಲೆ ನಡೆದರೆ ನಮಾಝಿಗೆ ತೊಂದರೆಯಿಲ್ಲ. ಅದರ ಮಲಮೂತ್ರ ಮಾತ್ರ ನಜಸ್; ತಾಗಿದ ಜಾಗವನ್ನು ತೊಳೆಯಬೇಕು. ಉದುರಿದ ಕೂದಲಿನ ಬಗ್ಗೆ ಮದ್‌ಹಬ್‌ಗಳಲ್ಲಿ ಭಿನ್ನಾಭಿಪ್ರಾಯವಿದೆ. ಹನಫಿಗಳ ಪ್ರಕಾರ ಅದು ಶುದ್ಧ. ಶಾಫಿಈ ಮದ್‌ಹಬ್‌ನಲ್ಲಿ ಅದು ನಜಸ್ ಆದರೂ ಅಲ್ಪ ಪ್ರಮಾಣದ್ದಕ್ಕೆ ರಿಯಾಯಿತಿಯಿದೆ. ಆದ್ದರಿಂದ ನಮಾಝಿನ ಬಟ್ಟೆ ಮತ್ತು ಮುಸಲ್ಲಾವನ್ನು ಬೆಕ್ಕು ಮಲಗದ ಜಾಗದಲ್ಲಿಡುವುದು ಉತ್ತಮ.

ಈ ಪಾಠದ ಸಾರ

- ಕೆರೆಯುವುದು ಬೆಕ್ಕಿನ ಪ್ರಕೃತಿ. ಅದನ್ನು ನಿಲ್ಲಿಸಲಾಗದು, ಬೇರೆ ಕಡೆಗೆ ತಿರುಗಿಸಬಹುದು.
- ಎತ್ತರವಾದ, ಅಲುಗಾಡದ, ನಾರಿನ ಹಗ್ಗ ಸುತ್ತಿದ ಕಂಬವನ್ನು ಸೋಫಾದ ಪಕ್ಕದಲ್ಲೇ ಇಡಬೇಕು.
- ಕಂಬಕ್ಕೆ ಬಹುಮಾನ, ಸೋಫಾಕ್ಕೆ ಹೊದಿಕೆ, ಉಗುರಿಗೆ ಕತ್ತರಿ, ಮನೆಯವರಿಗೆ ತಾಳ್ಮೆ.
- ಹೊಡೆಯುವುದು, ವಿಷವಸ್ತು ಹಚ್ಚುವುದು, ಬೆರಳು ಕತ್ತರಿಸುವುದು, ಬೀದಿಗೆ ಬಿಡುವುದು ಸಲ್ಲದು.
- ಇತರರಿಗಾದ ನಷ್ಟಕ್ಕೆ ನಾವೇ ಹೊಣೆ.

ಸೊತ್ತು ಅಲ್ಲಾಹನು ಕೊಟ್ಟ ಅನುಗ್ರಹ. ಅದನ್ನು ಹಾಳಾಗಲು ಬಿಡುವುದು ಸರಿಯಲ್ಲ. ಜೀವವೂ ಅವನದೇ ಸೃಷ್ಟಿ. ಭೂಮಿಯ ಮೇಲಿನ ಪ್ರಾಣಿಗಳೂ ರೆಕ್ಕೆ ಬಡಿದು ಹಾರುವ ಹಕ್ಕಿಗಳೂ ನಮ್ಮಂತೆಯೇ ಸಮುದಾಯಗಳೆಂದು ಪವಿತ್ರ ಕುರ್‌ಆನ್ ಅಲ್‌ಅನ್‌ಆಮ್ ಅಧ್ಯಾಯದ 38ನೇ ವಚನದಲ್ಲಿ ನೆನಪಿಸುತ್ತದೆ. ಹರಿದ ಸೋಫಾಕ್ಕೆ ಹೊಸ ಬಟ್ಟೆ ಹೊಲಿಸಬಹುದು. ಸಿಟ್ಟಿನ ಭರದಲ್ಲಿ ಒಂದು ಜೀವಕ್ಕೆ ಮಾಡಿದ ಅನ್ಯಾಯವನ್ನು ಹೊಲಿಯುವ ದರ್ಜಿ ಯಾರೂ ಇಲ್ಲ. ನಮ್ಮ ವಶದಲ್ಲಿರುವ ಎಲ್ಲ ಜೀವಿಗಳ ಜೊತೆ ನ್ಯಾಯದಿಂದಲೂ ಮೃದುವಾಗಿಯೂ ವರ್ತಿಸುವ ಸೌಭಾಗ್ಯವನ್ನು ಕರುಣಾಮಯನಾದ ಅಲ್ಲಾಹನು ನಮಗೆಲ್ಲರಿಗೂ ದಯಪಾಲಿಸಲಿ. ಆಮೀನ್.